ಎರಡು ಸಲ ಬಿತ್ತಿದ ಹೊಲ

ಇಲ್ಲೂ ಬರೀ ಮಣ್ಣು, ಕೆದಕಿದ ಚಾಕುವಿನ ತುದಿಗೆ ಬಿತ್ತಿದ ಒಂದು ಕಾಳೂ ತಗಲಲಿಲ್ಲ, ಎರಡಂಗುಲ ಕೆಳಗೆ ಹದವಾದ ತೇವವಿದೆ, ಬೆಚ್ಚಗಿದೆ, ಮೇ ಅರ್ಧ ಮುಗಿಯಿತು, ಅಯೋವಾದಲ್ಲೆಲ್ಲ ಮೆಕ್ಕೆಜೋಳ ಎದ್ದು ನಿಂತಿದೆ, ನಮ್ಮ ಹಳ್ಳದ ಹೊಲ ಮಾತ್ರ ಬೋಳು — ಹಕ್ಕಿ ತಿಂದಿರಬೇಕು, ಹುಳುವಿರಬೇಕು, ಬಿತ್ತಿಯೇ ಇಲ್ಲ ಎಂದು ಹೇಗೆ ಅಂದುಕೊಳ್ಳಲಿ, ಆ ಗುರುವಾರ ನಾನು ಅಕ್ಕನ ಮನೆಯಿಂದ ಬಂದಾಗ ಬೀಜದ ಚೀಲಗಳೆಲ್ಲ ಖಾಲಿ, ಲೀಲ್ಯಾಂಡನ ಮುಖದ ತುಂಬ ಧೂಳು, ಹಳ್ಳದ ಹೊಲಾನೂ ಮುಗೀತು ಕಣೇ ಆರ್ಡಿತ್, ಕಾಫಿ ಕೊಡು, ಎಂದಿದ್ದ, ನಲವತ್ತಾರು ವರ್ಷಗಳಿಂದ ನನ್ನ ಗಂಡ ಮುಗೀತು ಎಂದರೆ ಅದು ಮುಗಿದೇ ಇರುತ್ತಿತ್ತು. ಪಕ್ಕದ ಹೊಲದ ಗೆರಿಟ್ ಪಿಕಪ್ ನಿಲ್ಲಿಸುತ್ತಾನೆ, ಏನ್ ಆರ್ಡಿತ್, ಚರ್ಚ್ ಪಕ್ಕದ ಹೊಲದಲ್ಲಿ ಜೋಳ ಬೆಳೀತಿದೀರೋ ಚೌಕುಳಿ ಬಟ್ಟೆ ನೇಯ್ತಿದೀರೋ, ನಕ್ಕವನು ನನ್ನ ಮುಖ ನೋಡಿ ನಗು ನುಂಗಿಕೊಳ್ಳುತ್ತಾನೆ, ಟೋಪಿ ಸರಿಮಾಡಿಕೊಂಡು ಹೋಗುತ್ತಾನೆ. ಹೋಗಿ ನೋಡಿದೆ. ಉದ್ದ ಸಾಲುಗಳ ಮೇಲೆ ಅಡ್ಡ ಸಾಲು, ಎರಡೆಲೆಯ ಸಸಿಗಳ ನಡುವೆ ಈಗಷ್ಟೇ ಮೂತಿ ಚಾಚಿದ ಸಸಿ, ಮಂಗಳವಾರ ಬಿತ್ತಿದ ಹೊಲವನ್ನೇ ಗುರುವಾರ ಹಳ್ಳದ ಹೊಲವೆಂದುಕೊಂಡು ಮತ್ತೆ ಬಿತ್ತಿದ್ದಾನೆ, ಟ್ರ್ಯಾಕ್ಟರಿನ ಜಿಪಿಎಸ್ ಪರದೆ ನೋಡ್ಕೊಂಡು ಬಿತ್ತೋದಾದ್ರೆ ಟಿವಿ ಮುಂದೇನೇ ಕೂತ್ಕೋಬಹುದಲ್ಲ ಎನ್ನುತ್ತಿದ್ದವನು, ಕಣ್ಣಳತೆಯಲ್ಲೇ ನೂಲು ಹಿಡಿದಂತೆ ಸಾಲು ಎಳೆಯುತ್ತಿದ್ದವನು — ಅಡ್ಡ ಸಾಲೂ ನೆಟ್ಟಗೇ ಇದೆ, ದೇವರೇ, ಎಷ್ಟು ನೆಟ್ಟಗಿದೆ.

ಇಷ್ಟು ಒತ್ತೊತ್ತಾದರೆ ತೆನೆ ಕಟ್ಟುವುದಿಲ್ಲ, ಕೆಡವಿ ಮತ್ತೆ ಬಿತ್ತಬೇಕು, ಭಾನುವಾರ ಚರ್ಚಿಗೆ ಬರುವವರೆಲ್ಲ ನೋಡುವ ಮೊದಲು, ಅವನು ನೋಡುವ ಮೊದಲು, ಎಂದು ಚಿಕ್ಕ ಟ್ರ್ಯಾಕ್ಟರಿಗೆ ನೇಗಿಲು ಕಟ್ಟಿ ತಂದರೆ ಅವನೇ ನಡೆದು ಬರುತ್ತಿದ್ದಾನೆ, ಏನೇ ಮಾಡ್ತಿದೀಯಾ — ಇಬ್ಬನಿ ಹೆಪ್ಪುಗಟ್ಟಿ ಸಸಿಯೆಲ್ಲ ಸುಟ್ಟುಹೋಗಿದೆ ಲೀಲ್ಯಾಂಡ್, ಕೆಡವ್ತೀನಿ ಎಂದೆ, ನಲವತ್ತಾರು ವರ್ಷಗಳಲ್ಲಿ ಹೊಲದ ವಿಷಯಕ್ಕೆ ಹೇಳಿದ ಮೊದಲ ಸುಳ್ಳು. ಮಂಡಿಯೂರಿದ, ಒಂದು ಸಸಿ ಕಿತ್ತ, ಹೆಬ್ಬೆರಳ ಉಗುರಿನಿಂದ ಉದ್ದಕ್ಕೆ ಸೀಳಿದ, ನೋಡಿಲ್ಲಿ, ಸುಳಿ ಬದುಕಿದೆ, ಜೀವ ಇರೋದನ್ನ ಯಾಕೆ ಕೊಲ್ತೀಯಾ, ಇಷ್ಟೂ ಗೊತ್ತಾಗಲ್ವಾ ನಿಂಗೆ, ಹೊಸದಾಗಿ ಮದುವೆಯಾದಾಗ ಕಲಿಸಿದ ಹಾಗೇ ಬೈಯುತ್ತ ತಲೆಯೆತ್ತಿದ, ಸಾಲುಗಳನ್ನು ನೋಡಿದ, ಯಾವನೇ ಕುಡುಕ ಇದನ್ನ ಬಿತ್ತಿದ್ದು, ನಕ್ಕ, ನಾನು ನಗಲಿಲ್ಲ, ಯಾರು ಆರ್ಡಿತ್, ನಾನು ಬೂಟು ನೋಡಿಕೊಂಡೆ. ನಾನಾ, ಎಂದ. ಜೇಬಿನಿಂದ ದೊಡ್ಡ ಟ್ರ್ಯಾಕ್ಟರಿನ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟ, ಹಳ್ಳದ ಹೊಲ ನೀನೇ ಬಿತ್ತು, ನಾನು ಎಷ್ಟೇ ಕೇಳಿದ್ರೂ ಇದನ್ನ ಕೊಡಬೇಡ. ಸಾಲುಗಳನ್ನು ತುಳಿಯದಂತೆ ಕಾಲೆತ್ತಿಡುತ್ತ ಮನೆಯ ಕಡೆ ಹೋದ, ನಾಳೆ ಮಳೆಯಂತೆ, ಇವತ್ತೇ ಕೆಡವಬೇಕು, ಎಂಜಿನ್ ಗುರುಗುಡುತ್ತಿದೆ, ನೇಗಿಲು ಇಳಿಸಬೇಕು, ಇಳಿಸುತ್ತೇನೆ — ಅವನ ಉಗುರಿನ ಮೇಲೆ ಸೀಳಿದ ಸಸಿ, ಒಳಗೆ ಎಳೆ ಬಿಳಿ ಸುಳಿ, ನೋಡಿಲ್ಲಿ, ಬದುಕಿದೆ — ಇಳಿಸುತ್ತೇನೆ — ಆ ಉಗುರು, ಆ ಬಿಳಿ ಸುಳಿ —