ಹನ್ನೊಂದನೇ ಕ್ಲಾಸಿನ ಕಾಲೇಜು

ತಪ್ಪು ಮಾಡಿದ್ದು ಯಾರೂ ಅಲ್ಲ, ಗದಗ. ಅಲ್ಲಿ ಹತ್ತನೆಯದು ಪಾಸಾದವರೆಲ್ಲ ಹೈಸ್ಕೂಲಿಗೆ ಕೈಮುಗಿದು ಕಾಲೇಜಿಗೇ ಹೋಗುವುದು. ಹಾಗಾಗಿ ಕಡಲಾಚೆಯ ಮಿಲ್ ಕ್ರೀಕಿನ ಹೈಸ್ಕೂಲಿನವರು, ಬೇಕಾದ ಮಕ್ಕಳು ಹನ್ನೊಂದು, ಹನ್ನೆರಡನೇ ಕ್ಲಾಸನ್ನು ಕಾಲೇಜಿನಲ್ಲೇ ಓದಬಹುದು, ಆ ಪಾಠ ಹೈಸ್ಕೂಲಿಗೂ ಜಮಾ, ಡಿಗ್ರಿಗೂ ಜಮಾ ಎಂದಾಗ ಗದಗಿನಿಂದ ಬಂದು ಅಲ್ಲಿ ನೆಲೆಸಿದ್ದ ಚನ್ನವೀರನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

"ಅಂದ್ರ ಪೀಯೂಸಿ ಅನ್ನು," ಎಂದು ನಕ್ಕ. ಹೆಂಡತಿ ವಿಜಯಾಳಿಗಂತೂ ತನ್ನ ಪೀಯೂಸಿಯೇ ಕಣ್ಣ ಮುಂದೆ ಬಂತು: ಒಂದೇ ಓಣಿಯ ಆರು ಹುಡುಗಿಯರು, ಸೈಕಲ್ಲು, ದಾರಿಯುದ್ದಕ್ಕೂ ನಗು. ಮಗಳು ಸ್ಮಿತಾಳಿಗೂ ಆ ಸುಖ ಸಿಗಲಿ ಎಂದೇ ಇಬ್ಬರೂ ಒಪ್ಪಿದರು. ಅವರಿಗೆ ಹೊಳೆಯದೆ ಹೋದದ್ದು ಇಷ್ಟೇ: ಗದಗಿನಲ್ಲಿ ಇಡೀ ಕ್ಲಾಸೇ ಎದ್ದು ಕಾಲೇಜಿಗೆ ಹೋಗುತ್ತದೆ, ಇಲ್ಲಿ ಗೆಳತಿಯರ ಗುಂಪಿನಿಂದ ಎದ್ದು ಹೋದವಳು ಸ್ಮಿತಾ ಒಬ್ಬಳೇ.

ಹತ್ತಿರದ ಊರಾದ ಶೋರ್‌ಲೈನಿನ ಕಾಲೇಜಿನಲ್ಲಿ ಅವಳನ್ನು ಯಾರೂ ಕಾಡಲಿಲ್ಲ, ಬೈಯಲಿಲ್ಲ. ಮಾತನಾಡಿಸಲೂ ಇಲ್ಲ, ಅಷ್ಟೇ. ಪಕ್ಕದಲ್ಲಿ ಕೂರುತ್ತಿದ್ದಾಕೆ ಎರಡು ಮಕ್ಕಳ ತಾಯಿ. ಹಿಂದಿನವನು ನೌಕಾಪಡೆ ಬಿಟ್ಟು ಬಂದ ನಲವತ್ತರ ಗೃಹಸ್ಥ. ಒಳ್ಳೆಯ ಜನವೇ. ಪಾಠ ಮುಗಿಯಿತೋ, ಡ್ಯೂಟಿಗೆಂದು ಒಬ್ಬರು, ಮಗುವನ್ನು ಕರೆತರಲೆಂದು ಒಬ್ಬರು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಸ್ಮಿತಾ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಅವ್ವ ಕಟ್ಟಿಕೊಟ್ಟ ಚಪಾತಿ ತಿನ್ನುತ್ತಿದ್ದಳು. ಹದಿನಾರರ ಹುಡುಗಿಗೆ ಬಾಯಿ ಇರುವುದು ಬರೀ ಉಣ್ಣಲಿಕ್ಕೇ? ಬಸ್ಸಿನ ಡ್ರೈವರನಿಗೆ ಹೇಳಿದ ಥ್ಯಾಂಕ್ಯೂ ಬಿಟ್ಟರೆ ಸಂಜೆಯವರೆಗೆ ಬೇರೆ ಮಾತೇ ಆಡದ ದಿನಗಳಿದ್ದವು. ಮಾರ್ಕ್ಸು ಮಾತ್ರ ಚೆನ್ನಾಗಿ ಬರುತ್ತಿದ್ದವು. ಅದೇ ಅವಳಿಗೆ ಮುಳುವಾಯಿತು.

ಏಪ್ರಿಲ್ ಹೊತ್ತಿಗೆ ಧೈರ್ಯ ಮಾಡಿ ಕೇಳಿದಳು. "ಅಪ್ಪಾ, ಟ್ವೆಲ್ತ್‌ಗೆ ಐ ವಾಂಟ್ ಟು ಗೋ ಬ್ಯಾಕ್. ನನ್ನ ಸ್ಕೂಲಿಗೆ."

"ಕಾಲೇಜ್ ಕಂಡಾಕಿ ತಿರುಗಿ ಹೈಸ್ಕೂಲಿಗೆ ಹೋಗ್ತಿಯೇನು?" ಚನ್ನವೀರ ಹೌಹಾರಿದ. "ಫೇಲಾದವರು ಮಾಡೂದು ಅದು! ಇಷ್ಟ್ ಛಲೋ ಓದಾಕತ್ತಿ, ಏನಾಗೇತಿ ನಿನಗ?"

ಏನಾಗಿದೆ ಎಂದು ಹೇಳೋಣವೆಂದರೆ ಏನೂ ಆಗಿರಲಿಲ್ಲ. ಒಂಟಿತನವನ್ನು ತೋರಿಸಲು ಅದೇನು ಗಾಯವೇ?

ಕಾಲೇಜಿಗೆ ರಜೆಯಿದ್ದ ಒಂದು ಶುಕ್ರವಾರ ಊಟದ ಹೊತ್ತಿಗೆ ಅವಳು ತನ್ನ ಹೈಸ್ಕೂಲಿಗೆ ಹೋದಳು, ಚಿಕ್ಕಂದಿನ ಗೆಳತಿ ಸೋನಿಯಾಳನ್ನು ನೋಡಲು. ಆಫೀಸಿನಾಕೆ ನಗುತ್ತಲೇ ಅವಳ ಜಾಕೆಟ್ಟಿಗೆ 'ವಿಸಿಟರ್' ಎಂಬ ಚೀಟಿ ಅಂಟಿಸಿದಳು. ತನ್ನ ಶಾಲೆಗೆ ತಾನೇ ನೆಂಟಳಾಗಿ ಸ್ಮಿತಾ ಊಟದ ಕೋಣೆಗೆ ನಡೆದಳು.

ಸೋನಿಯಾ ಎದ್ದು ತಬ್ಬಿಕೊಂಡಳು, ಸರಿದು ಜಾಗ ಮಾಡಿದಳು. ಮಾತು ಶುರುವಾಯಿತು: ಕೆಮಿಸ್ಟ್ರಿ ಮೇಷ್ಟ್ರ ಟೈ ಸುಟ್ಟದ್ದು, ಬ್ಯಾಂಡಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸ್ಮಿತಾ ಅವರ ಮುಖ ನೋಡಿಕೊಂಡು ನಕ್ಕಳು. "ಯೂ ಹ್ಯಾಡ್ ಟು ಬಿ ದೇರ್," ಎಂದು ಸೋನಿಯಾ ಕೈ ಹಿಡಿದಳು, ಪಾಪ, ಸಮಾಧಾನಕ್ಕೆ. ಬೆಲ್ ಹೊಡೆಯಿತು. ಎಲ್ಲರೂ ಎದ್ದರು. ಅಭ್ಯಾಸಬಲದಿಂದ ಸ್ಮಿತಾಳೂ ಎದ್ದು ಬ್ಯಾಗು ಹೆಗಲಿಗೇರಿಸಿದಳು. ಕೋಣೆ ಖಾಲಿಯಾಯಿತು, ಹೋಗಲು ಅವಳಿಗೆ ಕ್ಲಾಸಿರಲಿಲ್ಲ.

ಸಂಜೆ ಮನೆಯಲ್ಲಿ ವಿಜಯಾ ಆ ಚೀಟಿ ನೋಡಿದಳು, ಒಲೆ ಆರಿಸಿದಳು. "ನಾ ಕಾಲೇಜಿಗೆ ಹೋಗೂ ಮುಂದ ಆರು ಮಂದಿ ಇದ್ವಿ," ಎಂದಳು ಗಂಡನಿಗೆ. "ಇಕಿ ಜೋಡಿ ಯಾರ್ ಹೋದ್ರು? ನಾವು ಕೇಳೇ ಇಲ್ಲಲ್ರೀ."

ಚನ್ನವೀರನೂ ಮಗಳ ಜಾಕೆಟ್ಟಿನ ಮೇಲಿನ ಚೀಟಿ ಓದಿದ. ಅವನಿಗೆ ತಿಳಿಯುವುದು ತಡ, ತಿಳಿದ ಮೇಲೆ ಹಟವಿಲ್ಲ. "ಹೋಗವ್ವ," ಎಂದ. "ನಿನ್ನ ಸಾಲಿಗೇ ಹೋಗು. ಮಂದಿ ಏನರ ಅನ್ಲಿ."

ತಿಂಗಳುಗಟ್ಟಲೆ ಸ್ಮಿತಾ ಕಾದದ್ದು ಈ ಮಾತಿಗೇ. ನಿನ್ನೆ ಸಿಕ್ಕಿದ್ದರೆ ಕುಣಿಯುತ್ತಿದ್ದಳು. ಈಗ ಆ ಚೀಟಿಯನ್ನು ಕಿತ್ತು ಮಡಚಿದಳು. ಹೋಗಲು ಅಲ್ಲೂ ತನಗೆ ಜಾಗವಿಲ್ಲವೆಂದು ಅಪ್ಪನಿಗೆ ಹೇಗೆ ಹೇಳುವುದು?

"ಬ್ಯಾಡಪ್ಪಾ," ಎಂದಳು. "ಇಟ್ಸ್ ಓಕೆ. ಕಾಲೇಜಿಗೇ ಹೋಗ್ತೀನಿ."

ಚನ್ನವೀರನ ಮುಖ ಅರಳಿತು. "ನೋಡಿದೇನ? ಗೆಳತ್ಯಾರು ಸಿಕ್ಕಾರ ತಗೋ ಅಲ್ಲಿ! ಸೋಮವಾರದಿಂದ ಅವರಿಗೂ ಸೇರಿಸಿ ಕಟ್ಟು," ಎಂದು ಹೆಂಡತಿಗೆ ಹೇಳಿದ. ವಿಜಯಾ ಮಗಳ ಮುಖ ನೋಡಿದಳು. ಸ್ಮಿತಾ ಹ್ಞೂಂ ಎಂದಳು.

ಸೋಮವಾರ ಡಬ್ಬಿ ಭಾರವಾಗಿತ್ತು. ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಸ್ಮಿತಾ ಗೆಳತಿಯರ ಪಾಲಿನ ಚಪಾತಿಯನ್ನೂ ತಾನೇ ತಿಂದಳು.