ಜಗಲಿಯ ವಿದ್ಯಾರ್ಥಿನಿ

ಲಿಂಗಸುಗೂರಿನ ಅಮರಗುಂಡಪ್ಪ ಮಾಸ್ತರರ ಮನೆ ಬೆಳಗಾದರೆ ಗಲಗಲ ಎನ್ನುತ್ತಿತ್ತು. ಅಡುಗೆಮನೆಯಲ್ಲಿ ತಾಯಿ ಶೇಖರಮ್ಮ ರೊಟ್ಟಿ ಬಡಿಯುವ ಸದ್ದು. ಪಡಸಾಲೆಯಲ್ಲಿ ಶಿಕ್ಷಕಿಯರಾಗಲು ಬಂದ ಹೆಣ್ಣುಮಕ್ಕಳ ಓದು. ಆ ತರಬೇತಿ ಶಾಲೆಯನ್ನು ಮಾಸ್ತರರು ತಮ್ಮ ಮನೆಯಲ್ಲೇ ತೆರೆದಿದ್ದರು.

೧೯೫೨ರಲ್ಲಿ ಮಸ್ಕಿಯಿಂದ ಹುಲಿಗೆಮ್ಮ ಬಂದಳು. ಬಾವಿಯಿಂದ ನೀರೆತ್ತುವ ತೊಗಲಿನ ಬಾನಿ ಹೊಲಿಯುವ ಮಾದಿಗರ ದುರುಗಪ್ಪನ ಮಗಳು. ಮಾಸ್ತರರು ಸಂತೋಷದಿಂದ ಸೇರಿಸಿಕೊಂಡರು. ಶೇಖರಮ್ಮ ಬಾಗಿಲಿಗೆ ಅಡ್ಡ ನಿಂತರು.

"ಮುಟ್ಟು-ಮೈಲಿಗಿ ನಡಿಸಬಾರ್ದಂತ ಕಾನೂನ ಆಗೈತಿ, ಯವ್ವಾ. ದಿನಾ ಲಿಂಗಪೂಜಿ ಮಾಡೂ ನಮಗ ಕುಲ ಎಲ್ಲೀದು?"

"ಪೂಜಿ ಬ್ಯಾರೆ, ನೀರಿನ ಗಡಿಗಿ ಬ್ಯಾರೆ. ಆಕಿ ಹೊಸ್ತಿಲ ದಾಟಿದ್ರ ನಾ ಈ ಮನ್ಯಾಗ ಇರಂಗಿಲ್ಲ."

ಮಾಸ್ತರರು ಸೋತರು. ಕಿಟಕಿಯ ಹೊರಗಿನ ಜಗಲಿ ತೋರಿಸಿ, "ಸ್ವಲ್ಪ ದಿನ ಅಷ್ಟ, ತಂಗಿ. ಇಲ್ಲಿಗೂ ಪಾಠ ಕೇಳ್ತೈತಿ" ಎಂದರು.

"ಪಾಠ ನನಗ ಕೇಳ್ತೈತ್ರೀ. ನಾ ಕೇಳೂದು ನಿಮಗ ಕೇಳ್ಬೇಕಲ್ಲ?"

ತಿಂಗಳುಗಳು ಕಳೆದರೂ ಜಗಲಿ ತಪ್ಪಲಿಲ್ಲ. ಬಾಯಾರಿದರೆ ಅವಳು ಬೊಗಸೆಯೊಡ್ಡಿ ಕಾಯಬೇಕು. ಯಾರಾದರೂ ಬಂದು ಮೇಲಿನಿಂದ ಸುರಿಯಬೇಕು.

ಬೇಸಿಗೆಯ ಒಂದು ಮಧ್ಯಾಹ್ನ ದುರುಗಪ್ಪ ಮಗಳನ್ನು ನೋಡಲು ಮಸ್ಕಿಯಿಂದ ನಡೆದೇ ಬಂದ. ಬಂದವನು ಜಗಲಿಯ ಮೇಲೆ ಕುಸಿದ.

"ನೀರು ಕೊಡ್ರೀ! ಅಪ್ಪ ಹೆಂಗೋ ಮಾಡಾಕತ್ತಾನ!"

ಒಳಗೆ ಮಾಸ್ತರರು ಊರ ಹಿರಿಯರೊಂದಿಗೆ ಕುಳಿತಿದ್ದರು. ಕೂಗು ಕೇಳಿಸಿತು. ಇವರೆದುರು ಎದ್ದುಹೋಗಿ ನೀರು ಕುಡಿಸಿದರೆ ಏನೆಂದಾರು ಎಂದು ಹಿಂಜರಿದರು. ಮತ್ತೆ ಕೂಗು. ಆಗಲೂ ಏಳಲಿಲ್ಲ. ಕೊನೆಗೆ ಹುಲಿಗೆಮ್ಮ ತಾನೇ ಹೊಸ್ತಿಲು ದಾಟಿ ಒಳಗೆ ನುಗ್ಗಿದಳು, ಗಡಿಗೆಗೆ ತಂಬಿಗೆ ಅದ್ದಿ ಓಡಿದಳು. ಅಪ್ಪನ ತುಟಿಗೆ ಹನಿಸಿದ ನೀರು ಗಲ್ಲದ ಮೇಲೆ ಹರಿದುಹೋಯಿತು.

ಬಿಸಿಲು ಕೊಂದಿತೆಂದು ಊರು ಹೇಳಿತು. ಓದುಗರೇ, ಗೋಡೆಯಾಚೆಗೇ ತುಂಬಿದ ಗಡಿಗೆಯಿತ್ತು.

ಅಪ್ಪನನ್ನು ಮಣ್ಣು ಮಾಡಿ ಹುಲಿಗೆಮ್ಮ ಮರಳಿ ಬಂದಳು. ಮಾಸ್ತರರು ಮೆಲ್ಲಗೆ, "ಒಳಗ ಬಾರವ್ವಾ" ಎಂದರು.

"ಮರುಕಕ್ಕ ಬರಂಗಿಲ್ರೀ. ಹಕ್ಕೈತಿ ಅಂತ ಎಲ್ಲಾರ ಮುಂದ ಹೇಳ್ರಿ."

ಮಾಸ್ತರರು ಹಿರಿಯರನ್ನು ಕರೆಸಿದರು. ತಾಯಿಯ ಎದುರೇ ಹೇಳಿದರು: "ಈಕಿಗೆ ಹಕ್ಕೈತಿ. ತಡದಾಂವ ನಾನು. ಆ ಜೀವಾನೂ ನಾನ ಕಳದೆ."

ಹಿರಿಯರು ಎದ್ದುಹೋದರು. ಕೆಲವು ಹುಡುಗಿಯರು ಶಾಲೆ ಬಿಟ್ಟರು. ಶೇಖರಮ್ಮ ಮುದಗಲ್ಲಿನ ಮಗಳ ಮನೆಗೆ ಹೊರಟರು. ಉಳಿದವರಲ್ಲಿ ಶಂಶಾದ್‌ಬೀ ಎಂಬ ಹುಡುಗಿ ಚಾಪೆಯ ಮೇಲೆ ಸರಿದು, "ಇಲ್ಲಿ ಕುಂದ್ರು ಬಾ" ಎಂದು ಜಾಗ ಬಿಟ್ಟಳು.

ಓದು ಮುಗಿದು ಹುಲಿಗೆಮ್ಮನಿಗೆ ಬಳಗಾನೂರಿನಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು. ಬಸ್ಸಿನವರೆಗೆ ಬಂದ ಮಾಸ್ತರರು ಕೈಮುಗಿದರು. "ನನ್ನ ಕ್ಷಮಿಸ್ತೀಯೇನವ್ವಾ?"

ಅವಳು ಬಸ್ಸಿನ ಮೆಟ್ಟಿಲೇರಿ ಅವರತ್ತ ತಿರುಗಿದಳು.

"ಆ ಸಂಕಟ ನಿಮ್ಮ ಹತ್ರಾನ ಇರ್ಲಿ, ಸರ್. ಇನ್ನೊಮ್ಮೆ ಯಾರಾದ್ರೂ ಕರದ್ರ, ಅದು ನಿಮ್ಮನ್ನ ಜಲ್ದಿ ಎಬ್ಬಸ್ತೈತಿ."