ಹೂರಾದಲ್ಲೊಂದು ಖಾಲಿ ಮನೆ

“ಥೂ, ಇದ್ರೊಳಗೆ ಮನುಷ್ಯರು ಇರ್ತಾರಾ?”

ಅಭಿನಂದನ್ ಕೇಳಿದ್ದು ಯಾರನ್ನೂ ಅಲ್ಲ. ಸೂರಿನ ಕಡೆ ಮೊಬೈಲ್ ಹಿಡಿದು ಫೋಟೋ ತೆಗೆಯುತ್ತ ಕೇಳಿದ. ಅವನ ಬೂಟಿನ ಪಕ್ಕದಲ್ಲೇ ನಾನೂ ರೊಕಿಯೂ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಉಳಿದವರು ಶಿಫ್ಟಿಗೆ ಹೋಗಿದ್ದರು. ಅವನು ನನ್ನ ತಟ್ಟೆ ದಾಟಿಕೊಂಡು ಹೋಗಿ, ಕಕ್ಕಸಿನ ಬಾಗಿಲು ತಳ್ಳಿ ಮೂಗು ಮುಚ್ಚಿಕೊಂಡ.

ಅವನ ಬಾಯಲ್ಲಿ ಕನ್ನಡ ಕೇಳಿ ನಾವು ಮೋಸಹೋದೆವು. ಗಲ್ಫಿಗೆ ಕರೆಸಿಕೊಂಡ ಕಂಪನಿ ನಮ್ಮನ್ನು ಹೂರಾ ಬಡಾವಣೆಯ ಈ ಹಳೇ ಮನೆಗೆ ತಂದು ಹಾಕಿದಾಗಿನಿಂದ ರಿಪೇರಿಗೆ ಅಂತ ಒಬ್ಬನೂ ಬಂದಿರಲಿಲ್ಲ. ಅಂತೂ ಬಂದನಲ್ಲ ಎಂದುಕೊಂಡು, ಎಂಜಲು ಕೈಯಲ್ಲೇ ಎದ್ದು, ಸೋರುವ ಸೂರು, ಬಾಯಿಬಿಟ್ಟ ಗೋಡೆ, ಮುಟ್ಟಿದರೆ ಶಾಕ್ ಹೊಡೆಯುವ ಸ್ವಿಚ್ಚು, ಎಲ್ಲ ತೋರಿಸಿದೆವು. ಒಳಗಿನ ಮಂಚದಿಂದ ಸಿಲ್ವೆಸ್ಟರ್ ಕೂಡ ಕರೆದ.

“ಸರ್, ಇಲ್ಲಿ ನನ್ನ ಮುಖದ ಮೇಲೆಯೇ ಗಾರೆ ಬೀಳ್ತದೆ. ಇದರದ್ದೂ ಒಂದು ಫೋಟೋ ತೆಗೀರಿ.”

ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪಿನಲ್ಲಿ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವನು ಎದ್ದಿರಲಿಲ್ಲ. ಅಭಿನಂದನ್ ಆ ಗಾರೆಯ ಫೋಟೋ ಕೂಡ ತೆಗೆದ.

ಆ ಫೋಟೋಗಳನ್ನು ತೋರಿಸಿಯೇ ಅವನು ಮನೆ ಮಾಲೀಕ ಅರಬಿಯ ಹತ್ತಿರ ಬೆಲೆ ಇಳಿಸಿಕೊಂಡನಂತೆ. ಮುಂದಿನ ಶುಕ್ರವಾರ ಬಂದಾಗ ಅವನೇ ಹೆಮ್ಮೆಯಿಂದ ಹೇಳಿದ. ಅವತ್ತೂ ಉಳಿದವರು ಶಿಫ್ಟಿನಲ್ಲಿದ್ದರು.

“ರಿಪೇರಿ ಯಾವಾಗ ಸಾ?” ಅಂದೆ.

“ಯಾವ ರಿಪೇರಿ? ಇವತ್ತು ಪಾರ್ಟಿ ಬರ್ತಿದಾರೆ. ಇದನ್ನ ಒಡೆದು ಫ್ಲಾಟ್ ಕಟ್ಟಿಸ್ತಾರೆ.”

“ಮನೆಯ ನೀವು ಕೊಂಡ್ಕಂಡ್ರಾ?”

“ನಾನ್ಯಾಕೆ ಕೊಳ್ಳಲಿ? ಮಾಲೀಕನ ಜೊತೆ ಅಗ್ರಿಮೆಂಟ್ ಆಗಿದೆ. ಅದನ್ನ ಪಾರ್ಟಿಗೆ ದಾಟಿಸಿಬಿಟ್ರೆ ನಡುವಿನ ಲಾಭ ನಂದು. ವಿಡಿಯೋ ನೋಡಿ ಕಲ್ತಿದ್ದು ಕಣೋ. ನನ್ನ ಫಸ್ಟ್ ಡೀಲ್ ಇದು.”

ರೊಕಿ ನಕ್ಕ. “ಕೊಳ್ಳದ ಮನೆಯನ್ನು ಮಾರುದು. ನಾವು ಮಾಡಿದ್ರೆ ಅದಕ್ಕೆ ಕಳ್ಳತನ ಅಂತಾರೆ ಮಾರಾಯ.”

“ಏಯ್, ಮುಚ್ಚು ಬಾಯಿ. ಮನೆ ಖಾಲಿ ಇದೆ ಅಂತ ಹೇಳಿದೀನಿ. ಜನ ಇದ್ದಾರೆ ಅಂತ ಗೊತ್ತಾದ್ರೆ ಪಾರ್ಟಿ ಹಿಂದೆ ಸರೀತಾರೆ. ನಿಮ್ಮ ಗಂಟುಮೂಟೆ ಎಲ್ಲ ಟೆರೇಸಿಗೆ ಸಾಗಿಸಿ. ಕೇಳಿದ್ರೆ ಕ್ಲೀನಿಂಗಿಗೆ ಬಂದೋರು ಅನ್ನಿ.”

“ಆಮ್ಯಾಕೆ ನಾವು ಎಲ್ಲಿಗೋಗದು?”

“ನನ್ನನ್ನೇನು ಕೇಳ್ತೀಯಾ? ನಿಮ್ಮ ಮ್ಯಾನೇಜರಿಗೆ ಫೋನ್ ಮಾಡ್ಲಾ? ವೀಸಾ ಕ್ಯಾನ್ಸಲ್ ಮಾಡಿಸ್ಲಾ?”

ರೊಕಿಯ ನಗು ನಿಂತಿತು. ಟ್ರಂಕು, ಸ್ಟೌ, ಹಗ್ಗದ ಮೇಲಿನ ಬಟ್ಟೆ, ಎಲ್ಲ ಮೇಲೆ ಹೊತ್ತೆವು. ಮೊಳೆಯಿಂದ ಮಾದಪ್ಪನ ಪಟ ಕಳಚಿ ಎದೆಗೊತ್ತಿಕೊಂಡು ನಾನೇ ಹತ್ತಿದೆ.

ಅಭಿನಂದನ್ ಬೂಟಿನ ತುದಿಯಿಂದ ಸಿಲ್ವೆಸ್ಟರನ ಮಂಚ ಮುಟ್ಟಿದ. “ಇವನು?”

“ಸೊಂಟ ಮುರ್ದದೆ ಸಾ. ಅಲ್ಲಾಡುಸ್ಬಾರ್ದು.”

“ಮಂಚದ ಸಮೇತ ಎತ್ತಿ. ಬೇಗ.”

ಎತ್ತಿದೆವು. ಮೆಟ್ಟಿಲ ತಿರುವಿನಲ್ಲಿ ಮಂಚ ಗೋಡೆಗೆ ಬಡಿದಾಗ ಸಿಲ್ವೆಸ್ಟರ್ ದೇವಮಾತೆಯನ್ನು ಕರೆದ. ಮರುಗಳಿಗೆ “ಬೇವರ್ಸಿ” ಎಂದು ಬೈದ. ಯಾರನ್ನೆಂದು ನಾವು ಕೇಳಲಿಲ್ಲ. ಊರಲ್ಲಿ ಅಪ್ಪ ಕಂಸಾಳೆ ಬಡಿದು ಹಾಡುತ್ತಿದ್ದ ಪದವನ್ನು ಒಳಗೊಳಗೇ ಹೇಳಿಕೊಂಡು, ಸಾಲು ಮುಗಿದಲ್ಲಿ ಉಸಿರು ಬಿಟ್ಟು, ಮತ್ತೊಂದು ಮೆಟ್ಟಿಲು ಹತ್ತಿದೆ. ನೀರಿನ ಟ್ಯಾಂಕಿನ ನೆರಳಲ್ಲಿ ಮಂಚ ಇಳಿಸಿದರೆ ನೆರಳು ಅವನ ಎದೆವರೆಗೆ ಮಾತ್ರ ಬಂತು. ರೊಕಿ ಅವನ ಕಾಲಿಗೆ ಒದ್ದೆ ಟವಲ್ ಹೊದಿಸುತ್ತಿದ್ದ.

“ಇಬ್ಬರೂ ಕೆಳಗೆ ಬಂದು ಪೊರಕೆ ಹಿಡೀರಿ,” ಎಂದು ಅಭಿನಂದನ್ ಕೂಗಿದ.

ಪಾರ್ಟಿ ಅಂದರೆ ಇಮ್ತಿಯಾಝ್ ಸಾಹೇಬರು. ಮಂಗಳೂರಿನವರೇ, ಅರಬಿ ಪಾಲುದಾರನ ಹೆಸರಲ್ಲಿ ಕಟ್ಟಡ ಕಟ್ಟಿಸುವವರು. ಅಂಗಳದಲ್ಲಿ ನಿಂತು, ಗೋಡೆಗೆ ಬೆರಳು ಮುಟ್ಟಿಸಿ, ಕರ್ಚೀಫಿನಲ್ಲಿ ಒರೆಸಿಕೊಂಡರು.

“ಜನ ಯಾರೂ ಇಲ್ಲ ತಾನೆ? ಆಮೇಲೆ ಎಬ್ಬಿಸುವ ರಗಳೆ ನನಗೆ ಬೇಡ. ಖಾಲಿ ಉಂಟಾದ್ರೆ ಇವತ್ತೇ ಸೈನ್ ಹಾಕ್ತೇನೆ.”

“ಪೂರ್ತಿ ಖಾಲಿ ಸರ್. ಇವರು ಕ್ಲೀನಿಂಗಿನವರು.”

ಆಗ ಮೇಲಿಂದ ನನ್ನನ್ನು ಕರೆಯುವ ದನಿ ಬಂತು. “ಮರಿಸ್ವಾಮೀ... ಸ್ವಲ್ಪ ನೀರು ತಾ ಮಾರಾಯ.”

ಸಾಹೇಬರು ತಲೆ ಎತ್ತಿದರು. “ಅದು ಯಾರು?”

“ಪಕ್ಕದ ಮನೆಯವರು ಸರ್.”

“ಮರಿಸ್ವಾಮೀ... ಬಿಸಿಲು ಮುಖಕ್ಕೆ ಬಂತು.”

ರೊಕಿಯ ಪೊರಕೆ ನಿಂತಿತು. ಅಭಿನಂದನ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

“ಅಣ್ಣಾ, ಸಾಹೇಬರಿಗೆ ನೀನೇ ಒಂದು ಮಾತು ಹೇಳಣ್ಣ, ಮೇಲೆ ನಿಮ್ಮೋರು ಯಾರೂ ಇಲ್ಲ ಅಂತ.”

ನಾನು ಪೊರಕೆ ಬಿಸಾಕಿ ಚೊಂಬಿಗೆ ನೀರು ಬಗ್ಗಿಸಿದೆ.

“ಹೇಳಕಿಲ್ಲ ಹೋಗ್ಲಾ.”